ಇಬ್ಸೆನ್ ನಾಟಕ ಮೊದಲ ಸಲ ಓದೋರು ಯಾವುದರಿಂದ ಸುರು ಮಾಡ್ಬೇಕ್ರಿ?

ಶಹಾಬಾದ್ ಕಲ್ಲು:
ಕಲಬುರಗಿಯಾಗ ನಾವು ಆರು ಮಂದಿ ಕೂಡಿ ಭಾನುವಾರಕ್ಕೊಮ್ಮೆ ನಾಟಕ ಗಟ್ಟಿಯಾಗಿ ಓದ್ತೀವ್ರಿ. ಈಗ ನಾರ್ವೆಯ ಹೆನ್ರಿಕ್ ಇಬ್ಸೆನ್ ಹಿಡೀಬೇಕಂತ ಅದ. ಯಾರೂ ಮೊದಲು ಓದಿಲ್ಲ. 'ಪೀರ್ ಗಿಂಟ್' ಹೆಸರು ಕೇಳೀವಿ, ಅದರಿಂದ ಸುರು ಮಾಡಿದ್ರ ನಡೀತದೇನು? ಇಂಗ್ಲಿಷ್ ಅನುವಾದ ಯಾವುದು ಛಲೋ? ಆರು ಮಂದಿಗೆ ಪಾತ್ರ ಹ್ಯಾಂಗ ಹಂಚೋದು?

ಪರದೆ ಹಿಂದ:
ಪೀರ್ ಗಿಂಟ್ ಸದ್ಯಕ್ಕ ಬ್ಯಾಡ್ರಿ. ಅದು 1867ರ ಪದ್ಯನಾಟಕ, ಓದಲಿಕ್ಕಂತ ಬರದದ್ದು. ನಾರ್ವೆ ಬೆಟ್ಟದಿಂದ ಮೊರಾಕೊ, ಈಜಿಪ್ಟ್ ತನಕ ತಿರುಗಾಡ್ತದ. ಆಡಲಿಕ್ಕೆ ತಂದದ್ದು 1876ಕ್ಕ.

1879ರ 'ಎ ಡಾಲ್ಸ್ ಹೌಸ್' ತಗೋರಿ. ಮೂರು ಅಂಕ, ಒಂದೇ ಕೋಣಿ, ಕ್ರಿಸ್‌ಮಸ್ ಹಿಂದಿನ ದಿನದಿಂದ ಮೂರು ದಿನದ ಕಥಿ. ನೋರಾ, ಆಕಿ ಗಂಡ ಹೆಲ್ಮರ್, ಗೆಳತಿ ಲಿಂಡೆ, ಕ್ರೋಗ್‌ಸ್ಟಾಡ್, ಡಾಕ್ಟರ್ ರ‍್ಯಾಂಕ್ ಅಂತ ಐದು ಪಾತ್ರ ಐದು ಮಂದಿಗೆ. ಆರನೆಯವರಿಗೆ ದಾದಿ, ಕೆಲಸದಾಕಿ, ಹಮಾಲ ಮತ್ತ ಎಲ್ಲಾ ರಂಗಸೂಚನೆ. ರಂಗಸೂಚನೆ ಹಾರಿಸಿ ಓದಿದ್ರ ನಾಟಕ ಕೈಗೆ ಸಿಗೂದಿಲ್ಲ. ಗಂಡ ಬರ್ತಾನಂತ ನೋರಾ ಬಾಯಿ ಒರಸ್ಕೋತಾಳ, ಯಾಕಂದ್ರ ಕದ್ದು ಮ್ಯಾಕರೂನ್ ತಿಂದಾಳ. ಆಕಿ ಸುಳ್ಳು ಹೇಳ್ತಾಳ ಅಂತ ನಮಗ ತಿಳಿಯೋದು ಅಲ್ಲಿಂದ್ಲೇ, ಮಾತಿನಿಂದಲ್ಲ.

ಮೊದಲನೇ ಅಂಕದ ಲೆಕ್ಕ ಒಂದು ಹಾಳಿ ಮ್ಯಾಲ ಬರಕೋರಿ. ಜಡ್ಡಿಗೆ ಬಿದ್ದ ಗಂಡನ್ನ ಇಟಲಿಗೆ ಕರಕೊಂಡು ಹೋಗಲಿಕ್ಕೆ ನೋರಾ ಕ್ರೋಗ್‌ಸ್ಟಾಡ್ ಹತ್ರ ಸಾಲ ಮಾಡ್ಯಾಳ. ಗಂಡನ ಒಪ್ಪಿಗಿ ಇಲ್ಲದ ಹೆಂಡತಿ ಸಾಲ ತಗೊಳ್ಳುವಂಗಿಲ್ಲ ಅಂತ ಲಿಂಡೆ ಅಲ್ಲೇ ಹೇಳ್ತಾಳ. ಬಾಂಡಿಗೆ ಅಪ್ಪನ ಜಾಮೀನು ಬೇಕಿತ್ತು. ಅಪ್ಪ ತೀರಿಕೊಂಡದ್ದು ಸೆಪ್ಟೆಂಬರ್ 29ಕ್ಕ, ಸಹಿ ಮುಂದಿನ ತಾರೀಖು ಅಕ್ಟೋಬರ್ 2. ಕ್ರೋಗ್‌ಸ್ಟಾಡ್ ಕೈಯಾಗ ಇರೋದು ಈ ಮೂರು ದಿನದ ಅಂತರ, ಅಂದ್ರ ಅಪ್ಪನ ಸಹಿ ನೋರಾನೇ ಹಾಕ್ಯಾಳ ಅನ್ನೋದಕ್ಕ ಪುರಾವೆ. ಆತನ ಬ್ಯಾಂಕ್ ನೌಕರಿ ಹೋಗೋದ್ರಾಗ ಅದ, ಆ ಜಾಗ ಲಿಂಡೆಗೆ ಸಿಗೋದ್ರಾಗ ಅದ. ಇದೆಲ್ಲ ತಲಿಯೊಳಗ ಇಲ್ಲಂದ್ರ ಎರಡನೇ ಅಂಕದಾಗ ಆತನ ಪತ್ರ ಮನಿ ಅಂಚೆ ಡಬ್ಬಿಗೆ ಬಿದ್ದಾಗ ಎದಿ ಡವ ಡವ ಅನ್ನೂದಿಲ್ಲ. ಡಬ್ಬಿ ಕೀಲಿ ಇರೋದು ಹೆಲ್ಮರ್ ಹತ್ರ ಅಷ್ಟೇ.

ಅಂಚಿನ ಟಿಪ್ಪಣಿ:
ಹೆಸರಿನ ಗೊಂದಲಕ್ಕೆ ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಮಾತಿನ ಪಕ್ಕದಲ್ಲಿ 'ಹೆಲ್ಮರ್' ಎಂದಿರುತ್ತದೆ, ನೋರಾ ಕರೆಯುವುದು 'ಟೋರ್ವಾಲ್ಡ್' ಎಂದು. ಕ್ರಿಸ್ಟೀನೆ ಎಂದರೆ ಲಿಂಡೆಯೇ.

ಅನುವಾದದಲ್ಲಿ ವಿಲಿಯಂ ಆರ್ಚರ್ ಮತ್ತು ಫಾರ್ಕರ್ಸನ್ ಶಾರ್ಪ್ ಇಬ್ಬರದೂ ಹಳೆಯವು. ಶಾರ್ಪ್‌ದು ಗುಟೆನ್‌ಬರ್ಗ್ ತಾಣದಲ್ಲಿ ಉಚಿತ, ಗಟ್ಟಿಯಾಗಿ ಓದಲು ಸಲೀಸು. ಆದರೆ ಅವರು ಸಾಲವನ್ನು 250 ಪೌಂಡ್ ಮಾಡಿಬಿಟ್ಟಿದ್ದಾರೆ. ಮೂಲದಲ್ಲಿರುವುದು 1200 ಡಾಲರ್, ಅಂದರೆ 4800 ಕ್ರೋನ್ (ಇದು ಅಮೆರಿಕದ ಡಾಲರ್ ಅಲ್ಲ, ನಾರ್ವೆಯ ಹಳೆಯ ನಾಣ್ಯ, 1875ರಲ್ಲಿ ಒಂದಕ್ಕೆ 4 ಕ್ರೋನ್‌ನಂತೆ ಬದಲಾಯಿತು). ಹೊಸ ಇಂಗ್ಲಿಷ್ ಬೇಕಿದ್ದರೆ ಮೈಕೆಲ್ ಮೇಯರ್ ಅಥವಾ ರೋಲ್ಫ್ ಫ್ಯೆಲ್ಡೆ.

ಕನ್ನಡದ ಪುಸ್ತಕ ಸಿಕ್ಕರೆ ಅನುವಾದವೋ ರೂಪಾಂತರವೋ ಮೊದಲು ನೋಡಿ. ಕೊನೆಯ ಪುಟವನ್ನೂ ತೆಗೆದು ನೋಡಿ. ಜರ್ಮನಿಯ ನಟಿಯೊಬ್ಬಳು ಮಕ್ಕಳನ್ನು ಬಿಟ್ಟುಹೋಗುವ ತಾಯಿಯಾಗಿ ನಟಿಸಲಾರೆ ಎಂದಾಗ, 1880ರಲ್ಲಿ ಇಬ್ಸೆನ್ ಒಲ್ಲದ ಮನಸ್ಸಿನಿಂದ ಬೇರೆ ಮುಕ್ತಾಯ ಬರೆದುಕೊಟ್ಟಿದ್ದ. ಅದರಲ್ಲಿ ಮಕ್ಕಳ ಕೋಣೆಯ ಬಾಗಿಲಲ್ಲಿ ನೋರಾ ಕುಸಿಯುತ್ತಾಳೆ. ಅಂಥ ಪ್ರತಿ ಬೇಡ. ಮುನ್ನುಡಿಯನ್ನೂ ಕೊನೆಗೇ ಓದಿ, ಅದು ಕಥೆಯನ್ನೆಲ್ಲ ಒದರಿಬಿಡುತ್ತದೆ.

ಮಾಂಜ್ರಾ ದಂಡಿ:
ಬೀದರಿನಿಂದ ನಂದೊಂದು ಮಾತು. ನೋರಾ ಬಾಗಿಲು ಹಾಕ್ಕೊಂಡು ಹೋಗೋದು ಎಲ್ಲಾರಿಗೂ ಗೊತ್ತಾಗಿ ಹೋಗ್ಯದ. 1882ರ 'ಆನ್ ಎನಿಮಿ ಆಫ್ ದಿ ಪೀಪಲ್' ಹಿಡೀರಿ, ನಮ್ಮ ಮಂದಿಗೆ ಬಲು ಹತ್ತಿರ. ಊರಿನ ಸ್ನಾನಗೃಹದ ನೀರಿಗೆ ಚರ್ಮ ಹದ ಮಾಡೋ ಕಾರಖಾನಿ ಹೊಲಸು ಸೇರ್ಲಿಕತ್ಯದ ಅಂತ ಡಾಕ್ಟರ್ ಸ್ಟಾಕ್‌ಮನ್ ಪತ್ತೆ ಹಚ್ಚತಾನ. ಊರಿನ ಮೇಯರ್ ಅವನ ಸ್ವಂತ ಅಣ್ಣ, ಕಾರಖಾನಿ ಒಂದು ಮಾವಂದು! ಪೈಪ್ ಬದಲಿಸ್ಲಿಕ್ಕೆ ಎರಡು ವರ್ಷ ಸ್ನಾನಗೃಹ ಮುಚ್ಚಬೇಕು ಅಂದಕೂಡಲೇ ಪೇಪರ್‌ನವ್ರೂ ತಿರುಗಿ ಬೀಳ್ತಾರ. ಸತ್ಯಜಿತ್ ರಾಯ್ ಇದನ್ನೇ ಗುಡಿ ತೀರ್ಥಕ್ಕ ಹೊಂದಿಸಿ 1989ರಾಗ 'ಗಣಶತ್ರು' ಮಾಡಿದ್ರು. ಸಿನಿಮಾ ಆಮ್ಯಾಲ ನೋಡ್ರಿ.

ಪರದೆ ಹಿಂದ:
ನಾಟಕ ಛಲೋದೇ ಅದ, ಆದ್ರ ಐದು ಅಂಕ, ಹನ್ನೊಂದು ಹೆಸರಿನ ಪಾತ್ರ, ಮ್ಯಾಲ ಸಭಾದ ಗದ್ದಲ. ಎರಡನೇದಾಗಿ ಇಟ್ಕೋರಿ. ಅದಾದಕೂಡಲೇ 1884ರ 'ದಿ ವೈಲ್ಡ್ ಡಕ್' ಓದ್ರಿ. ಅಲ್ಲಿ ಸತ್ಯ ಹೇಳ್ತೀನಂತ ಬಂದ ಗ್ರೆಗರ್ಸ್ ಒಂದು ಸಂಸಾರನೇ ಹಾಳು ಮಾಡ್ತಾನ. ಒಂದೇ ಕೈಯಿಂದ ಎರಡು ವರ್ಷದ ಅಂತರದಾಗ ಬಂದದ್ದು. ಸ್ಟಾಕ್‌ಮನ್‌ನ ಸಂತ ಅಂತ ತಿಳಕೊಂಡವ್ರಿಗೆ ಇದೇ ಮದ್ದು.

ಶಹಾಬಾದ್ ಕಲ್ಲು:
ಡಾಲ್ಸ್ ಹೌಸ್ ಮೊದಲು ಅಂತ ಆಯ್ತ್ರಿ, ಅಂಕಕ್ಕೊಂದು ಭಾನುವಾರ. ಆಮ್ಯಾಲ ಸ್ಟಾಕ್‌ಮನ್ ಸಭಾ ಆರೇ ಮಂದಿ ಹ್ಯಾಂಗ ಓದೋದು?

ಮಾಂಜ್ರಾ ದಂಡಿ:
ನಾಲ್ಕನೇ ಅಂಕದಾಗ ಸ್ಟಾಕ್‌ಮನ್ ಒಬ್ರು, ಮೇಯರ್ ಒಬ್ರು, ಅಧ್ಯಕ್ಷ ಆಸ್ಲಾಕ್ಸನ್ ಒಬ್ರು. ಅವರ ಕೈಗೊಂದು ಗಂಟಿ ಕೊಡ್ರಿ. ಪೇಪರ್‌ನವ್ರಾದ ಹೋವ್‌ಸ್ಟಾಡ್, ಬಿಲ್ಲಿಂಗ್ ಇಬ್ರದೂ ಒಬ್ರೇ ಓದ್ರಿ. ಉಳಿದ ಇಬ್ರು ಮಂದಿ ಕೂಗು, ಮಾವ ಕೀಲ್, ಕಪ್ತಾನ ಹೋರ್ಸ್ಟರ್ ಹಂಚ್ಕೋರಿ. ಭಾಷಣ ಉದ್ದ ಅಂತ ಕತ್ತರಿಸ್ಲಿಕ್ಕೆ ಹೋದ್ರ ನಡುನಡುವೆ ಬರೋ ಕುಡುಕನ ಮಾತು ಮಾತ್ರ ತೆಗೀಬ್ಯಾಡ್ರಿ. ಡಾಕ್ಟರ್ ಜನರ ವೈರಿ ಅನ್ನೋ ನಿರ್ಣಯಕ್ಕ ವಿರುದ್ಧ ಬಿದ್ದ ಒಂದೇ ವೋಟು ಅವಂದು.