ಎಷ್ಟು ಉಳಿಸಿದರೂ ಸಾಲದು ಅನ್ನಿಸುತ್ತದೆ, ನಿಮ್ಮ ಅನುಭವ ಹೇಳಿ

ಕೇಳಿದವರು:
ನನಗೆ 31 ವರ್ಷ. ಸಾಲ ಇಲ್ಲ. ಸಂಬಳದ ಕಾಲು ಭಾಗ ಉಳಿಸುತ್ತೇನೆ. 50 ದಾಟಿದ ಮೇಲೆ ದುಡ್ಡಿಗೋಸ್ಕರ ಕೆಲಸಕ್ಕೆ ಹೋಗುವಂತಾಗಬಾರದು, ಅಷ್ಟೇ ಆಸೆ. ಆದರೆ ಎಷ್ಟು ಕೂಡಿಟ್ಟರೂ ಭಯ ಹೋಗುವುದಿಲ್ಲ. ಏನಾದರೂ ಕೊಂಡರೆ ಎರಡು ದಿನ ಮನಸ್ಸು ಕೊರೆಯುತ್ತದೆ. ಯಾವ ಫಂಡ್ ಒಳ್ಳೆಯದು ಅಂತ ಕೇಳುತ್ತಿಲ್ಲ. ದುಡ್ಡಿನ ವಿಷಯದಲ್ಲಿ ನಿಮ್ಮ ಮನಸ್ಸು ಹದಕ್ಕೆ ಬಂದದ್ದು ಹೇಗೆ, ಅದನ್ನು ಹೇಳಿ.

ಸಾಲಮುಕ್ತ:
ನನ್ನದು 20 ವರ್ಷದ ಮನೆ ಸಾಲ, ಬಡ್ಡಿ 9%. ಮೊದಲ ವರ್ಷದ ಸ್ಟೇಟ್‌ಮೆಂಟ್ ನೋಡಿ ಕೂತಲ್ಲೇ ಬೆವೆತೆ. ಮೊದಲ ಕಂತಿನಲ್ಲಿ ನೂರಕ್ಕೆ 83 ಬಡ್ಡಿಗೇ ಹೋಗಿತ್ತು. 12 ಕಂತು ಕಟ್ಟಿದ್ದೆ, ಅಸಲು ಹೆಚ್ಚುಕಡಿಮೆ ಹಾಗೇ ಇತ್ತು. ಸುಮ್ನೆ ಕಟ್ಟುತ್ತಾ ಹೋದರೆ ತೆಗೆದುಕೊಂಡದ್ದರ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತಿತ್ತು. ಅವತ್ತಿನಿಂದ ಬೋನಸ್ ಎಲ್ಲ ಅಸಲಿಗೆ. ವರ್ಷಕ್ಕೆ ಒಂದೇ ಕಂತು ಹೆಚ್ಚಿಗೆ ಕಟ್ಟಿದರೂ ಸುಮಾರು ಮೂರೂವರೆ ವರ್ಷ ಕಡಿಮೆಯಾಗುತ್ತದೆ. ನಾನು ಸರಾಸರಿ ನಾಲ್ಕರ ಹತ್ತಿರ ಕಟ್ಟಿದೆ. ಅದಕ್ಕಾಗಿ ಶನಿವಾರ, ಭಾನುವಾರವೂ ಬೇರೆ ಕೆಲಸ ಮಾಡಿದೆ. 11 ವರ್ಷ 4 ತಿಂಗಳಿಗೆ ಪೂರ್ತಿ ತೀರಿತು. ಆ ವರ್ಷಗಳಲ್ಲಿ ಮಗಳ ಶಾಲೆಯ ಒಂದು ಕಾರ್ಯಕ್ರಮಕ್ಕೂ ಹೋಗಲಿಲ್ಲ. ಆದರೂ ಪತ್ರಗಳು ಕೈಗೆ ಬಂದ ರಾತ್ರಿ ನಿದ್ದೆ ಮಾಡಿದ ಹಾಗೆ ಮತ್ತೆಂದೂ ಮಾಡಿಲ್ಲ. ಸಾಲ ಇಟ್ಟುಕೊಂಡು ಆರ್ಥಿಕ ಸ್ವಾತಂತ್ರ್ಯದ ಮಾತಾಡುವುದು ನನಗೆ ಅರ್ಥವಾಗುವುದಿಲ್ಲ.

ಲೆಕ್ಕದವನು:
ಸಾಲಮುಕ್ತ ಅವರೇ, ಕೇಳಿದವರಿಗೆ ಸಾಲವೇ ಇಲ್ಲ. ಇರಲಿ. ಎಲ್ಲವನ್ನೂ ಅಸಲಿಗೆ ಸುರಿದರೆ ಕೈಯಲ್ಲಿ ಏನು ಉಳಿಯುತ್ತದೆ? ಕೆಲಸ ಹೋದ ತಿಂಗಳು, ಹಿಂದೆ ಹೆಚ್ಚು ಕಟ್ಟಿದ್ದೀರಿ ಅಂತ ಬ್ಯಾಂಕ್ ಈ ಕಂತು ಬಿಡುತ್ತಾ?

ನಾನು ಎಂಟು ವರ್ಷ, ತಿಂಗಳು ತಪ್ಪದೆ ಇಂಡೆಕ್ಸ್ ಫಂಡ್‌ಗೆ, ಅಂದರೆ ಷೇರು ಸೂಚ್ಯಂಕದ ಜೊತೆಗೇ ಏರಿಳಿಯುವ ಫಂಡ್‌ಗೆ ಹಾಕಿದೆ. ನನ್ನದು ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕ, ಎಸ್ ಅಂಡ್ ಪಿ 500. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಐದು ವಾರದೊಳಗೆ ಅದು 34% ಬಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡುತ್ತಿದ್ದೆ. ಮಾರ್ಚ್ 20, ಶುಕ್ರವಾರ, ಎಲ್ಲ ಮಾರಿದೆ. ಮುಂದಿನ ಸೋಮವಾರವೇ ತಳ ಮುಟ್ಟಿತು. ಆಗಸ್ಟ್‌ನಲ್ಲಿ ಹಳೆಯ ಎತ್ತರವನ್ನೂ ದಾಟಿತು. ಇನ್ನೊಮ್ಮೆ ಬೀಳುತ್ತದೆ, ಆಗ ಕೊಳ್ಳೋಣ ಅಂತ ಕಾದೆ. ವಾಪಸ್ ಹೋದದ್ದು 2021ರ ಜನವರಿಯಲ್ಲಿ, ಮಾರಿದ ಬೆಲೆಯ ಒಂದೂವರೆ ಪಟ್ಟಿಗಿಂತ ಮೇಲೆ. ಎಂಟು ವರ್ಷದ ಶಿಸ್ತು ಒಂದು ಮಧ್ಯಾಹ್ನ ಹೋಯಿತು. ಈಗ ಒಂದು ವರ್ಷದ ಖರ್ಚು ಬೇರೆ ಖಾತೆಯಲ್ಲಿ ನಗದಾಗಿ ಇಟ್ಟಿದ್ದೇನೆ. ಅದು ಇದ್ದಿದ್ದರೆ ಅವತ್ತು ಮಾರುತ್ತಿರಲಿಲ್ಲ. ಭಯಕ್ಕೆ ಔಷಧಿ ಅದು.

ಸಾಲಮುಕ್ತ:
ತಳದಲ್ಲಿ ಮಾರಿದವರು ನನಗೆ ಲೆಕ್ಕ ಹೇಳಿಕೊಡುತ್ತೀರಾ? 9% ಸಾಲ ತೀರಿಸಿದರೆ ಆ 9% ಗ್ಯಾರಂಟಿ. ಅದಕ್ಕೆ ರಾತ್ರಿ ಎರಡು ಗಂಟೆಗೆ ಏಳಬೇಕಿಲ್ಲ.

ಲೆಕ್ಕದವನು:
ತಪ್ಪು ಮಾಡಿದ್ದೇನೆ, ಅದಕ್ಕೇ ಹೇಳಿದ್ದು. ನೀವು ಕಳೆದದ್ದನ್ನು ನೀವೂ ಲೆಕ್ಕಕ್ಕೆ ತೆಗೆದುಕೊಳ್ಳಿ. 11 ವರ್ಷದ ಭಾನುವಾರಗಳು.

ಸಾಲಮುಕ್ತ:
ನನ್ನ ಮನೆಯ ವಿಷಯ ನಿಮಗೆ ಬೇಡ.

ಎರಡನೇ ಶಿಫ್ಟ್:
ಇಬ್ಬರೂ ಉಳಿತಾಯವನ್ನೇ ಹಿಡಿದುಕೊಂಡಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನನಗೂ ಎಲ್ಲರೂ ಹೇಳಿದರು. ಹಾಸಿಗೆಯನ್ನು ಉದ್ದ ಮಾಡಿಕೋ ಅಂತ ಒಬ್ಬರೂ ಹೇಳಲಿಲ್ಲ. ನಾಲ್ಕು ವರ್ಷ ರಾತ್ರಿ ಓದಿ ಕೆಲಸ ಬದಲಾಯಿಸಿದೆ. ಮೊದಲ ಸಲ ಪರೀಕ್ಷೆ ಫೇಲ್, ಶುಲ್ಕ ಎರಡು ಸಲ ಕಟ್ಟಿದೆ. ಕಣ್ಣು ಹಾಳಾಯಿತು. ಆದಾಯ ಎರಡು ಪಟ್ಟಾಯಿತು. ಖರ್ಚನ್ನು ಮಾತ್ರ ಹಳೆಯ ಸಂಬಳದಲ್ಲೇ ನಿಲ್ಲಿಸಿದೆ. ಕೂಡಿಟ್ಟ ದುಡ್ಡು ಬೆಲೆ ಏರಿಕೆ ಕಳೆದು ವರ್ಷಕ್ಕೆ 5% ಬೆಳೆಯುತ್ತದೆ ಅಂತ ಹಿಡಿಯಿರಿ. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಕೆಲಸ ಬಿಡಬಹುದು ಅನ್ನುತ್ತಾರೆ. ಅಷ್ಟು ಕೂಡಿಸಲು ಆದಾಯದ 20% ಉಳಿಸುವವರಿಗೆ 37 ವರ್ಷ ಬೇಕು. ಅರ್ಧ ಉಳಿಸುವವರಿಗೆ 17 ವರ್ಷ ಸಾಕು. ಬರೀ ಖರ್ಚು ಕತ್ತರಿಸಿ ನಾನು ಅರ್ಧಕ್ಕೆ ಬರುತ್ತಲೇ ಇರಲಿಲ್ಲ.

ಬೇಗ ಬಿಟ್ಟವನು:
ಆ 25 ಪಟ್ಟು ನಂಬಿ 43ಕ್ಕೆ ಕೆಲಸ ಬಿಟ್ಟೆ. ಮೊದಲ ವರ್ಷವೇ ಖರ್ಚು 18% ಮೇಲೆ ಹೋಯಿತು. ಕಂಪನಿಯ ಆರೋಗ್ಯ ವಿಮೆ ನಿಂತಿತು, ಪ್ರೀಮಿಯಂ ನನ್ನ ತಲೆಗೆ ಬಂತು. ಹಲ್ಲಿನ ಚಿಕಿತ್ಸೆ ಆರು ತಿಂಗಳು ನಡೆಯಿತು. 25 ಪಟ್ಟು ಇದ್ದದ್ದು ಕೂತಲ್ಲೇ 21 ಪಟ್ಟಾಯಿತು. ಆಮೇಲೆ ಮೂಲ ಲೆಕ್ಕ ಹುಡುಕಿದೆ. ಮೊದಲ ವರ್ಷ ಗಂಟಿನ 4% ತೆಗೆಯಬಹುದು, ಆಮೇಲೆ ಬೆಲೆ ಏರಿದಷ್ಟು ಹೆಚ್ಚಿಸಬಹುದು ಅನ್ನುವುದೇ ಈ 25 ಪಟ್ಟಿನ ಮೂಲ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಹಾಗೆ ಅಂದದ್ದು ಅಮೆರಿಕದ ಹಳೆಯ ಅಂಕಿಗಳ ಮೇಲೆ, 30 ವರ್ಷ ನಿವೃತ್ತಿಯಲ್ಲಿರುವವರಿಗೆ. ನನ್ನ ಮುಂದೆ ಇದ್ದದ್ದು 45 ಅಥವಾ 50 ವರ್ಷ. ಈಗ ವಾರಕ್ಕೆ ಮೂರು ದಿನ ದುಡಿಯುತ್ತೇನೆ. ಈ ಕೆಲಸ ನನಗೆ ಇಷ್ಟ. ಇದನ್ನೂ ಸ್ವಾತಂತ್ರ್ಯ ಅಂತಲೇ ಕರೆಯುತ್ತೇನೆ.

ಎರಡನೇ ಶಿಫ್ಟ್:
ಕೆಲಸಕ್ಕೆ ಹೋಗಲೇಬೇಕು ಅಂದಮೇಲೆ ಅದು ಸ್ವಾತಂತ್ರ್ಯ ಹೇಗಾಗುತ್ತದೆ? ವಿಮೆಯ ಲೆಕ್ಕ ಹಾಕದೆ ಬಿಟ್ಟದ್ದು ನಿಮ್ಮ ಅವಸರ.

ಬೇಗ ಬಿಟ್ಟವನು:
ನೀವು ಇನ್ನೂ ಬಿಟ್ಟಿಲ್ಲ. ಬಿಟ್ಟು ಮೂರನೇ ತಿಂಗಳಲ್ಲಿ ಬಂದು ಮಾತಾಡಿ. ಸಂಬಳ ಬಾರದ ಮೊದಲ ತಿಂಗಳು ಎಷ್ಟು ಕೂಡಿಟ್ಟಿದ್ದರೂ ಕೈ ನಡುಗುತ್ತದೆ. ಕೇಳಿದವರು ಹೇಳುತ್ತಿರುವ ಭಯವೂ ಇದೇ.

ಜಾಮೀನು ಹಾಕಿದವಳು:
ಕೂಡಿಸುವ ಮಾತು ಎಲ್ಲರೂ ಆಡಿದಿರಿ. ನನ್ನದು ಒಂದು ಸಹಿಯಲ್ಲಿ ಹೋಯಿತು. ತಮ್ಮನ ವ್ಯಾಪಾರದ ಸಾಲಕ್ಕೆ ಜಾಮೀನು. ಬರೀ ಹೆಸರಿಗೆ ಅಕ್ಕಾ ಅಂದ. ಏಳನೇ ತಿಂಗಳಲ್ಲಿ ನೋಟಿಸ್ ನನ್ನ ಆಫೀಸಿಗೆ ಬಂತು. 26 ಕಂತು ನಾನು ಕಟ್ಟಿದೆ. ಉಳಿತಾಯ ಹತ್ತು ಕಂತಿಗೆ ಮುಗಿಯಿತು. ಆಮೇಲೆ ಮನೆ ಖರ್ಚೆಲ್ಲ ಕ್ರೆಡಿಟ್ ಕಾರ್ಡ್ ಮೇಲೆ. ತಿಂಗಳಿಗೆ 3% ಅಂದರೆ ವರ್ಷಕ್ಕೆ 36% ಅಂದುಕೊಂಡಿದ್ದೆ. ಬಡ್ಡಿಗೆ ಬಡ್ಡಿ ಸೇರಿದರೆ 42% ದಾಟುತ್ತದೆ. ಕನಿಷ್ಠ ಮೊತ್ತ ಕಟ್ಟುತ್ತಾ ಕಟ್ಟುತ್ತಾ ಒಂದು ವರ್ಷ ಬಾಕಿ ಇಳಿಯಲೇ ಇಲ್ಲ. ‘ಆಗಲ್ಲ’ ಅನ್ನುವ ಒಂದು ಮಾತು ಕಲಿಯಲು ನನಗೆ 38 ವರ್ಷ ಬೇಕಾಯಿತು. ದುಡ್ಡಿನ ವಿಷಯದಲ್ಲಿ ನಾನು ಕಲಿತದ್ದು ಇದೊಂದೇ.

ಸಾಲಮುಕ್ತ:
ಮೇಡಂ, ಒಡಹುಟ್ಟಿದವರಿಗೆ ಆಗದ ದುಡ್ಡು ಯಾಕೆ? ತಮ್ಮ ಮೋಸ ಮಾಡಿದನೋ, ವ್ಯಾಪಾರ ಮುಳುಗಿತೋ? ಎರಡೂ ಒಂದೇ ಅಲ್ಲ.

ಲೆಕ್ಕದವನು:
ಈಗಷ್ಟೇ ನಿಮ್ಮ ಮನೆಯ ವಿಷಯ ಬೇಡ ಅಂದಿರಿ. ಅವರ ಮನೆಯದ್ದು ನಿಮಗೆ ಯಾಕೆ?

ಕೇಳಿದವರು:
ದಯವಿಟ್ಟು ಜಗಳ ಬೇಡ. ಮೇಡಂ, ಒಂದು ಕೇಳಲಾ? ಈಗ ದುಡ್ಡು ಖರ್ಚು ಮಾಡುವಾಗ ನಿಮಗೆ ಕೊರೆಯುತ್ತದೆಯಾ?

ಜಾಮೀನು ಹಾಕಿದವಳು:
ಸಾಲಮುಕ್ತ ಅವರಿಗೆ: ವ್ಯಾಪಾರ ಮುಳುಗಿತು. ಅವನು ಕೆಟ್ಟವನಲ್ಲ. ಅದಕ್ಕೇ ಜಾಸ್ತಿ ನೋವು. ಕೆಟ್ಟವನಾಗಿದ್ದರೆ ಬೈದು ಮರೆಯುತ್ತಿದ್ದೆ.

ಕೇಳಿದವರಿಗೆ: ಕೊರೆಯುತ್ತದೆ. ಮೊನ್ನೆ ಚಪ್ಪಲಿ ಕೊಳ್ಳಲು ಮೂರು ಸಲ ಅಂಗಡಿ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಕೊಂಡೆ. ತಮ್ಮ ಈಚೆಗೆ ವಾಪಸ್ ಕೊಡಲು ಶುರು ಮಾಡಿದ್ದಾನೆ. ನಾಲ್ಕು ಕಂತಿನಷ್ಟು ಬಂದಿದೆ. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಇನ್ನೂ ಮುಟ್ಟಿಲ್ಲ.