ಕೇಂದ್ರ ಸಚಿವರ ಮೇಲೆ ದೂರು ಕೊಡಬೇಕಾದರೆ ಬಾಗಿಲು ಎಲ್ಲಿದೆ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಉಡುಪಿ

ನಮ್ಮ ಊರಿನ ಗ್ರಂಥಾಲಯದಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳೊಂದಿಗೆ ಕುಳಿತು ಸಂವಿಧಾನದ ಒಂದೊಂದು ಭಾಗವನ್ನು ಓದುವ ರೂಢಿ ಇದೆ. ಅಲ್ಲಿ ಒಬ್ಬ ಹುಡುಗಿ ಎತ್ತಿದ ಪ್ರಶ್ನೆಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಪಹಣಿ ತಿದ್ದುಪಡಿಗೆ ಲಂಚ ಕೇಳಿದ ನೌಕರನ ಮೇಲೆ ಲೋಕಾಯುಕ್ತಕ್ಕೆ ದೂರು ಕೊಡಬಹುದೆಂಬುದು ಹಳ್ಳಿಯವರಿಗೂ ಗೊತ್ತು. ಆದರೆ ಕೇಂದ್ರದ ಸಚಿವರೊಬ್ಬರು, ಅಥವಾ ಪ್ರಧಾನಮಂತ್ರಿಯೇ, ತಮ್ಮ ಅಧಿಕಾರವನ್ನು ಹಣಕ್ಕಾಗಿ ಬಳಸಿದ್ದಾರೆಂದು ತೋರಿಸುವ ದಾಖಲೆ ಸಿಕ್ಕಿದರೆ ಉಡುಪಿಯ ಒಬ್ಬ ಸಾಮಾನ್ಯ ಪ್ರಜೆ ಎಲ್ಲಿಗೆ ಹೋಗಬೇಕು? ಐದು ವರ್ಷಕ್ಕೊಮ್ಮೆ ಮತದಾನವಿದೆಯಲ್ಲ ಎಂಬ ಉತ್ತರ ಸಾಲದು. ಕಳ್ಳತನಕ್ಕೆ ಶಿಕ್ಷೆ ಕೊಡುವುದು ಮತಗಟ್ಟೆಯ ಕೆಲಸವಲ್ಲ. ಪಕ್ಷಗಳ ಹೆಸರು ಹಿಡಿದು ವಾದಿಸದೆ, ಕಾನೂನಿನಲ್ಲಿ ಏನಿದೆ, ಅದು ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ವಕೀಲ, ಮಂಗಳೂರು

ಟೀಚರ್, ಬಾಗಿಲು ಇದೆ, ಅದರ ಹೆಸರು ಲೋಕಪಾಲ. 2013ರ ಲೋಕಪಾಲ ಮತ್ತು ಲೋಕಾಯುಕ್ತ ಕಾಯ್ದೆಯ ಪ್ರಕಾರ ಯಾವ ಪ್ರಜೆಯೂ ಪ್ರಧಾನಿ, ಕೇಂದ್ರ ಸಚಿವರು ಮತ್ತು ಸಂಸದರ ಭ್ರಷ್ಟಾಚಾರದ ಬಗ್ಗೆ ಅಫಿಡವಿಟ್ ಸಹಿತ ದೂರು ಸಲ್ಲಿಸಬಹುದು. ಕಾಯ್ದೆ 2014ರ ಜನವರಿ 16ರಂದು ಜಾರಿಗೆ ಬಂದರೂ ಮೊದಲ ಲೋಕಪಾಲರಾಗಿ ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಅವರ ನೇಮಕವಾದದ್ದು 2019ರ ಮಾರ್ಚಿನಲ್ಲಿ. ಆಯ್ಕೆ ಸಮಿತಿಯಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕರು ಇರಬೇಕು, ಆಗ ಆ ಮಾನ್ಯತೆ ಯಾರಿಗೂ ಇರಲಿಲ್ಲ ಎಂಬುದು ವಿಳಂಬಕ್ಕೆ ಕೊಟ್ಟ ಕಾರಣ. ಅವರಿಲ್ಲದೆಯೂ ನೇಮಕ ಮಾಡಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ಹೇಳಿದ ಮೇಲೂ ಸುಮಾರು ಎರಡು ವರ್ಷ ಕಳೆದುಹೋಯಿತು. ಮೇಲಿನವರನ್ನು ವಿಚಾರಿಸುವ ಸಂಸ್ಥೆಯನ್ನು ಕಟ್ಟುವ ಕೆಲಸ ಮೇಲಿನವರ ಕೈಯಲ್ಲೇ ಇದ್ದರೆ ಹೀಗೆಯೇ ಆಗುತ್ತದೆ.

ಪ್ರಧಾನಿಯ ವಿಷಯದಲ್ಲಿ ಕಾಯ್ದೆ ಬೇರೆಯೇ ದಾರಿ ಹಿಡಿದಿದೆ. ವಿದೇಶ ವ್ಯವಹಾರ, ಆಂತರಿಕ ಮತ್ತು ಬಾಹ್ಯ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಣುಶಕ್ತಿ, ಬಾಹ್ಯಾಕಾಶ ಇವುಗಳಿಗೆ ಸಂಬಂಧಿಸಿದ ಆರೋಪಗಳನ್ನು ಲೋಕಪಾಲ ಮುಟ್ಟುವಂತಿಲ್ಲ. ಉಳಿದ ಆರೋಪಗಳಿಗೆ ಅಧ್ಯಕ್ಷರು ಮತ್ತು ಎಲ್ಲ ಸದಸ್ಯರು ಕೂಡಿದ ಪೂರ್ಣ ಪೀಠದಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು, ವಿಚಾರಣೆ ಗುಪ್ತವಾಗಿ ನಡೆಯಬೇಕು, ದೂರು ತಿರಸ್ಕೃತವಾದರೆ ಅದರ ದಾಖಲೆ ಯಾರಿಗೂ ಸಿಗಬಾರದು. ಸುಳ್ಳು ದೂರುಗಳಿಂದ ಆ ಹುದ್ದೆಗೆ ರಕ್ಷಣೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ತಿರಸ್ಕಾರಕ್ಕೆ ಕಾರಣವೇನೆಂಬುದನ್ನೂ ಜನರಿಂದ ಮುಚ್ಚಿಡುವುದರಲ್ಲಿ ರಕ್ಷಣೆ ಪಡೆಯುವುದು ಹುದ್ದೆಯಲ್ಲ, ಅದರಲ್ಲಿ ಕುಳಿತ ವ್ಯಕ್ತಿ.

ಲೋಕಪಾಲವನ್ನು ಬಿಟ್ಟು ಸಿಬಿಐ ಕಡೆಗೆ ಹೋದರೆ ಇನ್ನೊಂದು ತಡೆ ಎದುರಾಗುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಂ ಪ್ರಕಾರ, ಅಧಿಕಾರಸ್ಥರು ಕರ್ತವ್ಯದ ನಿಮಿತ್ತ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಆರಂಭಿಸುವುದಕ್ಕೇ ಸರ್ಕಾರದ ಪೂರ್ವಾನುಮತಿ ಬೇಕು. ಲಂಚ ಪಡೆಯುವಾಗಲೇ ಸ್ಥಳದಲ್ಲಿ ಸಿಕ್ಕಿಬಿದ್ದರೆ ಮಾತ್ರ ಬೇಡ. ದೊಡ್ಡ ಭ್ರಷ್ಟಾಚಾರ ನಡೆಯುವುದು ಕಡತದ ಮೇಲಿನ ತೀರ್ಮಾನದಲ್ಲೇ ಹೊರತು ನೋಟಿನ ಕಟ್ಟನ್ನು ಕೈಯಲ್ಲಿ ಹಿಡಿಯುವುದರಲ್ಲಿ ಅಲ್ಲ. ಹಾಗಾಗಿ ಈ ಕಲಂ ಗ್ರಾಮ ಲೆಕ್ಕಿಗನನ್ನು ಕಾಪಾಡುವುದಿಲ್ಲ, ಸಚಿವರನ್ನು ಕಾಪಾಡುತ್ತದೆ. ಇದೇ ಬಗೆಯ ಹಿಂದಿನ ರಕ್ಷಣೆಯೊಂದನ್ನು, ಹಿರಿಯ ಅಧಿಕಾರಿಗಳಿಗಷ್ಟೇ ಅನ್ವಯಿಸುತ್ತಿದ್ದುದನ್ನು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ರದ್ದುಪಡಿಸಿತ್ತು. ನಾಲ್ಕು ವರ್ಷದಲ್ಲಿ ಅದು ಇನ್ನಷ್ಟು ಅಗಲವಾಗಿ ಮರಳಿ ಬಂತು.

ಆರೋಪಪಟ್ಟಿ ಸಿದ್ಧವಾದ ಮೇಲೆ ಅಭಿಯೋಜನೆಗೆ, ಅಂದರೆ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವುದಕ್ಕೆ, ಮಂಜೂರಾತಿಯೂ ಬೇಕು. ಇದನ್ನು ಕೇಳುವ ಹಕ್ಕು ಸಾಮಾನ್ಯ ಪ್ರಜೆಗೂ ಇದೆಯೆಂದು ಸುಪ್ರೀಂ ಕೋರ್ಟ್ 2012ರ ಜನವರಿ 31ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆಗಿನ ದೂರಸಂಪರ್ಕ ಸಚಿವರ ಮೇಲೆ ಮೊಕದ್ದಮೆ ಹೂಡಲು ಕೋರಿದ ಅರ್ಜಿಗೆ ಪ್ರಧಾನಿ ಕಚೇರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉತ್ತರಿಸದೆ ಇದ್ದ ಪ್ರಕರಣ ಅದು. ಹುಡುಗಿಗೆ ಈ ತೀರ್ಪನ್ನು ಓದಲು ಹೇಳಿ.

ಉತ್ತರ: ಜೀವ ವಿಮಾ ನಿಗಮದ ನಿವೃತ್ತ ಅಧಿಕಾರಿ, ಮಂಗಳೂರು

ವಕೀಲರು ಹೇಳಿದ ತಡೆಗಳೆಲ್ಲ ನಿಜ. ಆದರೂ ಈ ದೇಶದಲ್ಲಿ ಹೊಣೆಗಾರಿಕೆ ಎಂಬುದು ವೇಗವಾಗಿ ನಡೆದ ಉದಾಹರಣೆಯೂ ಇದೆ, ಅದು ನಾನು ದುಡಿದ ಸಂಸ್ಥೆಗೇ ಸಂಬಂಧಿಸಿದ್ದು. ನಿಗಮ ಹುಟ್ಟಿದ ಮರುವರ್ಷವೇ, ಅಂದರೆ 1957ರಲ್ಲಿ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಸೊರಗಿದ ಕಂಪನಿಗಳ ಷೇರುಗಳಿಗೆ ಪಾಲಿಸಿದಾರರ ಸುಮಾರು 1.25 ಕೋಟಿ ರೂಪಾಯಿ ಹೋಯಿತು. ಲೋಕಸಭೆಯಲ್ಲಿ ಇದನ್ನು ಎತ್ತಿದವರು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ. ಅವರು ಪ್ರಧಾನಿಯ ಅಳಿಯ ಕೂಡ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಸಾರ್ವಜನಿಕರ ಎದುರಿನಲ್ಲೇ ಸಾಕ್ಷ್ಯ ಕೇಳಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸಚಿವರು ಲಂಚ ಪಡೆದರೆಂದು ಅಲ್ಲಿ ಯಾರೂ ಸಾಬೀತುಪಡಿಸಲಿಲ್ಲ. ತಮ್ಮ ಇಲಾಖೆಯ ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಹೊಣೆ ಎಂಬ ತತ್ತ್ವವೇ ಸಾಕಾಯಿತು. ನಾಲ್ಕು ವರ್ಷಗಳ ಬಳಿಕ ಅವರು ಸಂಪುಟಕ್ಕೆ ಮರಳಿದರು ಎಂಬುದನ್ನೂ ಹೇಳಲೇಬೇಕು.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಘಟನೆ 2011ರದ್ದು. ಲೋಕಾಯುಕ್ತರಾಗಿದ್ದ ನಮ್ಮ ಕಾರ್ಕಳದ ನಿಟ್ಟೆ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಹುದ್ದೆ ಬಿಡಬೇಕಾಯಿತು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. ಇವೆರಡರಲ್ಲಿ ವಿರೋಧವಿದೆಯೆಂದು ನಾನು ಭಾವಿಸುವುದಿಲ್ಲ. ಹುದ್ದೆಯಲ್ಲಿ ಮುಂದುವರಿಯಲು ಜನರ ವಿಶ್ವಾಸ ಬೇಕು, ಜೈಲಿಗೆ ಕಳಿಸಲು ಸಂಶಯಾತೀತ ಸಾಕ್ಷ್ಯ ಬೇಕು. ನ್ಯಾಯಾಲಯ ತೀರ್ಪು ಕೊಡುವವರೆಗೆ ಕಾಯೋಣ ಎಂದು ನಾಯಕರು ಹೇಳುವಾಗ ಅವರು ಈ ಎರಡನ್ನೂ ಒಂದಾಗಿಸಿ ನಮ್ಮನ್ನು ಸುಮ್ಮನಾಗಿಸುತ್ತಾರೆ. ಅದೇ ಲೋಕಾಯುಕ್ತದ ಪೊಲೀಸ್ ಬಲವನ್ನು 2016ರಲ್ಲಿ ಕಿತ್ತು ಸರ್ಕಾರದ ಅಧೀನದ ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳಕ್ಕೆ) ಕೊಟ್ಟವರು ಇನ್ನೊಂದು ಪಕ್ಷದವರು. ಹೈಕೋರ್ಟ್ ಅದನ್ನು ರದ್ದುಮಾಡಲು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಹಣದ ದಾರಿಯ ಬಗ್ಗೆಯೂ ಒಂದು ಮಾತು. ಪಕ್ಷಗಳಿಗೆ ದೇಣಿಗೆ ಕೊಟ್ಟವರ ಹೆಸರು ಜನರಿಗೆ ತಿಳಿಯದಂತಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅಸಾಂವಿಧಾನಿಕವೆಂದು ಘೋಷಿಸಿತು. ವಿವರ ಕೊಡಲು ಜೂನ್ 30ರವರೆಗೆ ಸಮಯ ಬೇಕೆಂದು ಆ ಬಾಂಡ್‌ಗಳನ್ನು ಮಾರಿದ್ದ ಸ್ಟೇಟ್ ಬ್ಯಾಂಕ್ ಕೇಳಿತು. ನ್ಯಾಯಾಲಯ ನಿರಾಕರಿಸಿದ ಕೆಲವೇ ದಿನಗಳಲ್ಲಿ ಎಲ್ಲ ವಿವರ ಹೊರಬಂತು. ಜೀವನವಿಡೀ ಲೆಕ್ಕಪತ್ರದ ನಡುವೆ ಇದ್ದ ನನಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಿಲ್ಲ: ಮಾಹಿತಿ ಇತ್ತು, ಕೊಡುವ ಮನಸ್ಸು ಇರಲಿಲ್ಲ.

ಉತ್ತರ: ವಿದ್ಯಾರ್ಥಿ, ಮಣಿಪಾಲ

ಹಿರಿಯರ ಮಾತುಗಳಿಂದ ಬಹಳ ತಿಳಿಯಿತು. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿಸಿದ 130ನೇ ಸಂವಿಧಾನ ತಿದ್ದುಪಡಿ ಮಸೂದೆಯ ಬಗ್ಗೆ ಯಾರೂ ಹೇಳಲಿಲ್ಲ. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಆರೋಪದಲ್ಲಿ ಬಂಧಿತರಾಗಿ ಸತತ 30 ದಿನ ಕಸ್ಟಡಿಯಲ್ಲಿದ್ದರೆ ಪ್ರಧಾನಿಯೂ ಹುದ್ದೆ ಕಳೆದುಕೊಳ್ಳುತ್ತಾರೆಂದು ಅದು ಹೇಳುತ್ತದೆ. ಜೈಲಿನಿಂದ ಆಡಳಿತ ನಡೆಸುವುದನ್ನು ನಾವು 2024ರಲ್ಲಿ ದೆಹಲಿಯಲ್ಲಿ ನೋಡಿದೆವು. ಹುದ್ದೆಗೂ ಶಿಕ್ಷೆಗೂ ಇರುವ ವ್ಯತ್ಯಾಸವನ್ನು ಈ ಮಸೂದೆ ಗುರುತಿಸಿದಂತಲ್ಲವೇ?

ಉತ್ತರ: ವಕೀಲ, ಮಂಗಳೂರು

ಒಳ್ಳೆಯ ಪ್ರಶ್ನೆ, ಆದರೆ ನಾನು ಒಪ್ಪಲಾರೆ. ಮುಂಧ್ರಾ ಪ್ರಕರಣದಲ್ಲಿ ಹುದ್ದೆ ಬಿಡಿಸಿದ್ದು ಸಂಸತ್ತಿನ ಚರ್ಚೆ ಮತ್ತು ಸ್ವತಂತ್ರ ನ್ಯಾಯಾಧೀಶರ ಬಹಿರಂಗ ವಿಚಾರಣೆ. ಈ ಮಸೂದೆಯಲ್ಲಿ ಹುದ್ದೆ ಬಿಡಿಸುವುದು ಬಂಧನ ಮಾತ್ರ. ಬಂಧಿಸುವ ಸಿಬಿಐ ಮತ್ತು ಜಾರಿ ನಿರ್ದೇಶನಾಲಯ ಕೇಂದ್ರ ಸರ್ಕಾರದ ಕೈಕೆಳಗಿವೆ. ಅವು ರಾಜ್ಯವೊಂದರ ಮುಖ್ಯಮಂತ್ರಿಯನ್ನು ಬಂಧಿಸಬಲ್ಲವು. ತಮ್ಮನ್ನೇ ಆಳುವ ಪ್ರಧಾನಿಯನ್ನು ಬಂಧಿಸುತ್ತವೆಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ. ಮುಖ್ಯಮಂತ್ರಿಯ ಮೇಲಿನ ಮೊಕದ್ದಮೆಗೆ ಅಸಾಧಾರಣ ಸಂದರ್ಭದಲ್ಲಿ ರಾಜ್ಯಪಾಲರು ಸ್ವವಿವೇಚನೆಯಿಂದ ಅನುಮತಿ ಕೊಡಬಹುದೆಂದು 2004ರ ತೀರ್ಪಿದೆ. ಕೇಂದ್ರದಲ್ಲಿ ರಾಷ್ಟ್ರಪತಿ ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕಾದವರು. ಮೇಲೆ ಹೋದಂತೆ ಹೊಣೆಗಾರಿಕೆ ಹೆಚ್ಚಬೇಕಾದಲ್ಲಿ ನಮ್ಮ ಕಾನೂನಿನಲ್ಲಿ ಅದು ತೆಳುವಾಗುತ್ತ ಹೋಗಿದೆ. ತಿದ್ದಬೇಕಾದದ್ದು ಇದನ್ನು.

ಪ್ರಶ್ನೆ ಕೇಳಿದವರು: ನಿವೃತ್ತ ಶಿಕ್ಷಕಿ, ಉಡುಪಿ

ಎಲ್ಲರಿಗೂ ಕೃತಜ್ಞತೆ. ಕೊನೆಯದಾಗಿ ಒಂದು ಕೇಳುತ್ತೇನೆ. ದೂರು ಕೊಡುವ ಧೈರ್ಯ ಮಾಡುವವರಿಗೆ ಏನು ಅಪಾಯವಿದೆ? ಅಂಥ ದಾಖಲೆ ಕೈಯಲ್ಲಿಲ್ಲದ ನಮ್ಮಂಥವರು ಮಾಡಬಹುದಾದದ್ದು ಏನಾದರೂ ಉಂಟೇ?

ಉತ್ತರ: ವಕೀಲ, ಮಂಗಳೂರು

ಅಪಾಯವನ್ನು ಮುಚ್ಚಿಡುವುದಿಲ್ಲ ಟೀಚರ್. ದೂರು ಸುಳ್ಳು ಮತ್ತು ದುರುದ್ದೇಶದ್ದೆಂದು ಸಾಬೀತಾದರೆ ಲೋಕಪಾಲ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಸದುದ್ದೇಶದ ದೂರಿಗೆ ಇದು ಅನ್ವಯಿಸುವುದಿಲ್ಲ. ಕೃತ್ಯ ನಡೆದು ಏಳು ವರ್ಷ ಕಳೆದಿದ್ದರೆ ದೂರು ಸ್ವೀಕಾರವಾಗುವುದಿಲ್ಲ. ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದು 2014ರಲ್ಲಿ ಕಾಯ್ದೆಯೊಂದು ಅಂಗೀಕಾರವಾಯಿತು, ಆದರೆ ಅದನ್ನು ಜಾರಿಗೆ ತರಲಿಲ್ಲ. ಆದ್ದರಿಂದ ಒಬ್ಬರೇ ಹೋಗಬಾರದು. ದಾಖಲೆಗಳ ದೃಢೀಕೃತ ಪ್ರತಿಗಳನ್ನು ಇಟ್ಟುಕೊಂಡು, ವಕೀಲರೊಬ್ಬರಿಗೆ ತೋರಿಸಿ, ಊಹೆಯ ಒಂದು ವಾಕ್ಯವೂ ಇಲ್ಲದಂತೆ ದೂರು ಬರೆಯಬೇಕು. ಲೋಕಪಾಲದ ದಾರಿಗೆ ಒಂದು ಅನುಕೂಲವೂ ಇದೆ: ಅಲ್ಲಿ ತನಿಖೆ ಮುಗಿದ ಮೇಲೆ ಅಭಿಯೋಜನೆಗೆ ಮಂಜೂರಾತಿ ಕೊಡುವ ಅಧಿಕಾರ ಲೋಕಪಾಲಕ್ಕೇ ಸೇರಿದ್ದು, ಸರ್ಕಾರಕ್ಕಲ್ಲ.

ದಾಖಲೆ ಇಲ್ಲದವರೂ ಒಂದು ಕೆಲಸ ಮಾಡಬಹುದು, ವಿದ್ಯಾರ್ಥಿಗಳೊಂದಿಗೆ ಕುಳಿತೇ ಮಾಡಬಹುದು. ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳ ಸಂಸದರಿಬ್ಬರಿಗೂ ಸಹಿ ಹಾಕಿದ ಪತ್ರ ಬರೆದು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳುವಂತೆ ಕೋರಿ: 17ಎ ಅಡಿಯಲ್ಲಿ ಸಚಿವರ ವಿರುದ್ಧ ಎಷ್ಟು ಕೋರಿಕೆಗಳು ಬಂದಿವೆ, ಎಷ್ಟಕ್ಕೆ ಅನುಮತಿ ಸಿಕ್ಕಿದೆ, ಕಾಯ್ದೆ ಹೇಳುವ ಮೂರು ತಿಂಗಳನ್ನು ಮೀರಿ ಎಷ್ಟು ಉಳಿದಿವೆ. ಇದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಗೂ ಕಳುಹಿಸಿ; ಶುಲ್ಕ ಹತ್ತು ರೂಪಾಯಿ. ಅರ್ಜಿಯ ಕರಡನ್ನು ಇಲ್ಲಿ ಹಾಕಿದರೆ ನಾನು ತಿದ್ದಿಕೊಡುತ್ತೇನೆ.