ಹನ್ನೆರಡು ಬೆರಳಿನ ಪದವನ್ನು ಎಲ್ಲಿ ಒಡೆಯಬೇಕು?

ಕಾಕಾ (ಪುಣೆ): ಬೆಳಿಗ್ಗೆ ನಾನು ಈ ಗುಂಪಿಗೆ ಕಳಿಸಿದ ಚಿತ್ರವನ್ನು ವೈದ್ಯಕೀಯ ಓದುವ ಮಕ್ಕಳೆಲ್ಲ ನೋಡಿರಿ. ಸಣ್ಣ ಕರುಳಿನ ಮೊದಲ ಭಾಗವನ್ನು ‘ಡು-ಆಡ್-ಇ-ನಮ್’ ಎಂದು ‘ಆಡ್’ ಮೇಲೆ ಒತ್ತು ಕೊಟ್ಟು ಹೇಳಬೇಕಂತೆ. ‘ಡ್ಯುಯೊಡೀನಮ್’ ಎಂಬುದಕ್ಕೆ ಕೆಂಪು ಗೀಟು ಹಾಕಿದ್ದಾರೆ.

ಅತ್ಯಾ (ಮಾಟುಂಗಾ): ಅಣ್ಣಾ, ಆ ಕೆಂಪು ಗೀಟನ್ನು ನಾನು ಒಪ್ಪಲಾರೆ. ಈ ಭಾಗವನ್ನು ಅಲೆಕ್ಸಾಂಡ್ರಿಯಾದ ಪ್ರಾಚೀನ ವೈದ್ಯ ಹೆರೋಫಿಲಸ್ ಗ್ರೀಕಿನಲ್ಲಿ ‘ಹನ್ನೆರಡು ಬೆರಳಿನದು’ ಎಂದು ಕರೆದಿದ್ದ. ಆ ಹೆಸರು ಅರಬ್ಬಿಗೆ ಹೋಗಿ, ಅಲ್ಲಿಂದ 1187ರಲ್ಲಿ ತೀರಿಕೊಂಡ ಕ್ರೆಮೋನಾದ ಜೆರಾರ್ಡನ ಅನುವಾದದ ಮೂಲಕ ಲ್ಯಾಟಿನ್ನಿಗೆ ಬಂತು. ಲ್ಯಾಟಿನ್ನಿನಲ್ಲಿ ‘ಡುಯೊಡೇನಿ’ ಎಂದರೆ ತಲಾ ಹನ್ನೆರಡು. ಹನ್ನೆರಡು ಅಂಗುಲಕ್ಕೆ ಒಂದು ಗೇಣು ಎಂಬುದು ನಮ್ಮ ಹಳೆಯ ಲೆಕ್ಕವೂ ಹೌದು. ಈಗಷ್ಟೇ ಅಡುಗೆಕಟ್ಟೆಯ ಮೇಲೆ ನಾಲ್ಕು ಬೆರಳು ಜೋಡಿಸಿ ಮೂರು ಸಲ ಇಟ್ಟು ಅಳೆದೆ, 21 ಸೆಂಟಿಮೀಟರ್ ಬಂತು. ಪುಸ್ತಕಗಳು ಈ ಕರುಳಿನ ಭಾಗದ ಉದ್ದ ಸುಮಾರು 25 ಎನ್ನುತ್ತವೆ.

ಕಾಕಾ: ಹುಟ್ಟಿದ ಕಥೆ ಚೆನ್ನಾಗಿದೆ, ಆದರೆ ಉಚ್ಚಾರ ನಿರ್ಧಾರವಾಗುವುದು ಇಂದು ಆಡುವವರ ಬಾಯಲ್ಲಿ. ಅಮೆರಿಕದಲ್ಲಿ ಬಹಳ ಜನ ವೈದ್ಯರು ‘ಆಡ್’ ಎಂದೇ ಒತ್ತುತ್ತಾರೆ.

ಅತ್ಯಾ: ಅದನ್ನು ತಪ್ಪೆಂದು ನಾನೆಲ್ಲಿ ಹೇಳಿದೆ? ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡನ್ನೂ ಕೊಡುತ್ತದೆ. ಆದರೆ ಲ್ಯಾಟಿನ್ನಿನಲ್ಲಿ ಕೊನೆಯಿಂದ ಎರಡನೆಯ ಅಕ್ಷರ ನಮ್ಮ ಛಂದಸ್ಸಿನ ಗುರುವಿನಂತೆ ದೀರ್ಘವಾಗಿದ್ದರೆ ಒತ್ತು ಅಲ್ಲಿಯೇ ಬೀಳುತ್ತದೆ, ಲಘುವಾಗಿದ್ದರೆ ಒಂದು ಅಕ್ಷರ ಹಿಂದಕ್ಕೆ ಸರಿಯುತ್ತದೆ. ಇಲ್ಲಿ ‘ಡೇ’ ಗುರು. ಇಂಗ್ಲಿಷ್ ಅದನ್ನು ‘ಡೀ’ ಮಾಡಿಕೊಂಡರೂ ಒತ್ತು ಅಲ್ಲೇ ಉಳಿಯಿತು, ‘ಹನ್ನೆರಡು’ ಎಂಬ ಅರ್ಥವೂ ಒಡೆಯದೆ ಕೇಳಿಸುತ್ತದೆ. ಹಳೆಯ ನಿಯಮವನ್ನು ಉಳಿಸಿಕೊಂಡಿರುವ ಉಚ್ಚಾರಕ್ಕೇ ಕೆಂಪು ಗೀಟು ಹಾಕುವುದು ಅನ್ಯಾಯ. ‘ಆ್ಯಬ್ಡೊಮೆನ್’ ಎಂದರೂ ‘ಆ್ಯಬ್ಡೋಮೆನ್’ ಎಂದರೂ ಹೊಟ್ಟೆ ಒಂದೇ ಅಲ್ಲವೇ?

ಅಣ್ಣನ ಮಗಳು (ಪುಣೆ): ಕಾಕಾ, ಕಳೆದ ವಾರ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾನು ‘ಡೀ’ ಎಂದು ಎಳೆದು ಹೇಳಿದ ಕೂಡಲೇ ಪರೀಕ್ಷಕರು ತಡೆದು, ಮೂರು ಸಲ ತಿದ್ದಿ ಹೇಳಿಸಿದರು. ಅದರ ನಾಲ್ಕು ಭಾಗಗಳನ್ನೂ, ಅದು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿ ಮೇದೋಜೀರಕ ಗ್ರಂಥಿಯ ತಲೆಯನ್ನು ಬಳಸಿರುವುದನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎರಡನೆಯ ಭಾಗದಲ್ಲಿ ಪಿತ್ತನಾಳ ತೆರೆಯುತ್ತದೆ ಎಂಬುದು ಹೊರಗೆ ಬಂದ ಮೇಲೆ ನೆನಪಾಯಿತು.

ಅತ್ಯಾ: ಇಂತಹ ಚಿತ್ರಗಳು ಮಾಡುವ ಕೆಲಸ ಇದೇ, ಅಣ್ಣಾ.

ಕಾಕಾ: ಅವಳು ಅಷ್ಟು ಗಾಬರಿಯಾದದ್ದು ನನಗೆ ಗೊತ್ತಿರಲಿಲ್ಲ. ಚಿತ್ರವನ್ನು ಈ ಗುಂಪಿನಿಂದ ಅಳಿಸಿದ್ದೇನೆ. ನಾನು ಮಾತ್ರ ‘ಆಡ್’ ಎಂದೇ ಹೇಳುವವನು. ಮಗಳೇ, ಪಿತ್ತನಾಳದ್ದನ್ನು ಸಂಜೆ ಫೋನಿನಲ್ಲಿ ಒಮ್ಮೆ ಹೇಳು, ನೀನು ‘ಡೀ’ ಎಂದರೂ ತಡೆಯುವುದಿಲ್ಲ.